ಕಿಟಕಿ ಒಂದಡಿ ಕೆಳಕ್ಕೆ

ತಗಡು ಬಡಿಯುವ ಕಸುಬಿನವನು ನಗು ಹುಡುಕಿಕೊಂಡು ಎಲ್ಲಿಗೂ ಹೋಗಬೇಕಾಗಿಲ್ಲ. ಅದೇ ಎಲ್ಲಾದರೂ ಗುದ್ದಿಸಿಕೊಂಡು, ನೆಗ್ಗಿಸಿಕೊಂಡು, ನಮ್ಮ ಶೆಡ್ಡಿನ ಮುಂದೆ ಬಂದು ನಿಲ್ಲುತ್ತದೆ. ನನ್ನ ಶೆಡ್ಡು ಸಿರಾದಲ್ಲಿ, ಹೈವೇ ಪಕ್ಕದಲ್ಲಿದೆ. ಇಷ್ಟು ವರ್ಷ ಬೇರೆಯವರ ಗಾಡಿಗಳಿಂದ ಬಂದ ನಗು ಒಂದು ತೂಕವಾದರೆ, ನನ್ನದೇ ಒಂದು ಗಾಡಿಯಿಂದ ಬಂದದ್ದು ಇನ್ನೊಂದು ತೂಕ. ಅದನ್ನೇ ಹೇಳುತ್ತೇನೆ.

ಹೆಂಡತಿ ತೀರಿಕೊಂಡ ಮೇಲೆ ನನಗೆ ಮನೆಗೆ ಹೋಗುವುದೇ ಬೇಡವಾಗಿತ್ತು. ಬೀಗ ತೆಗೆದು ಒಳಗೆ ಕಾಲಿಡುತ್ತಲೇ ಅಭ್ಯಾಸಬಲದಿಂದ "ಬಂದೆ ಕಣೇ" ಅನ್ನುತ್ತಿದ್ದೆ. ಆಮೇಲೆ ಆ ಮಾತು ಅಲ್ಲೇ ನಿಂತಿರುತ್ತಿತ್ತು, ನಾನೂ ನಿಂತಿರುತ್ತಿದ್ದೆ. ಬೀದಿಗೆ ಬಂದರೆ ಎಲ್ಲರದೂ ಒಂದೇ ಪ್ರಶ್ನೆ. "ಊಟ ಆಯ್ತಾ?" ಮೊದಲೂ ಕೇಳುತ್ತಿದ್ದರು, ಆದರೆ ಈಗ ಕೇಳುವಾಗ ತಲೆ ಒಂದು ಕಡೆ ವಾಲುತ್ತಿತ್ತು, ದನಿ ಇಳಿಯುತ್ತಿತ್ತು. ಆ ದನಿ ನನಗೆ ಸಹಿಸಲಾಗುತ್ತಿರಲಿಲ್ಲ.

ಆಗ ಒಂದು ಶಾಲೆಯವರು ತಮ್ಮ ಹಳೆಯ ವ್ಯಾನನ್ನು ಗುಜರಿಗೆ ಹಾಕಲು ಹೊರಟಿದ್ದರು. ನಾನು ಇಟ್ಟುಕೊಂಡೆ. ಒಳಗೆ ಒಂದು ಮಂಚ, ಒಂದು ಒಲೆ, ನೀರಿಗೊಂದು ಡ್ರಮ್ಮು. ಮನೆಗೆ ಬೀಗ ಹಾಕಿ, ಯಾರೂ ನನ್ನನ್ನು ಊಟ ಆಯ್ತಾ ಎಂದು ಕೇಳದ ಕಡೆ ಹೋಗಿಬಿಡುವುದು ಎಂದು ತೀರ್ಮಾನ ಮಾಡಿದೆ. ಮಕ್ಕಳ ವ್ಯಾನಾದ್ದರಿಂದ ಎರಡೂ ಕಡೆ ಸಾಲು ಕಿಟಕಿಗಳು. ಮೊದಲು ಮಾಡಿದ ಕೆಲಸವೆಂದರೆ ಗಾಜೆಲ್ಲ ಕಿತ್ತು, ಒಂದೂ ಬಿಡದೆ ತಗಡು ಹೊಡೆಯತೊಡಗಿದ್ದು.

೧. ಸದ್ದು

ಶೆಡ್ಡಿನ ಎದುರಿಗೆ ಟೀ ಅಂಗಡಿ. ಅದನ್ನು ನಡೆಸುವವಳಿಗೆ ನಾನು ಅಕ್ಕ ಅನ್ನುತ್ತೇನೆ, ಅವಳು ನನಗೆ ಅಣ್ಣ ಅನ್ನುತ್ತಾಳೆ. ಯಾರು ದೊಡ್ಡವರೆಂಬುದು ಇವತ್ತಿನವರೆಗೂ ಇತ್ಯರ್ಥವಾಗಿಲ್ಲ. ಕಿಟಕಿ ಮುಚ್ಚುವುದು ಅವಳಿಗೆ ಸರಿಬರಲಿಲ್ಲ.

"ಅಣ್ಣಾ, ಗಾಳಿ ಬ್ಯಾಡ್ವಾ? ಇದೇನು ರಾಗಿ ತುಂಬೋ ಕಣಜನಾ?"

"ನಂಗೆ ಇಂಗೇ ಬೇಕು ಬುಡಕ್ಕ," ಅಂದೆ.

ಒಂದು ದಿನ ಒಳಗೆ ಕೂತು ಜಾರುಬಾಗಿಲಿನ ಕೆಳಭಾಗಕ್ಕೆ ತೇಪೆ ಹಾಕುತ್ತಿದ್ದೆ. ಅಲ್ಲಿ ತುಕ್ಕು ತಿಂದು ಕೈ ತೂರುವಷ್ಟು ತೂತಾಗಿತ್ತು. ಕೆಲಸ ಅಚ್ಚುಕಟ್ಟಾಗಿ ಬರಲಿ ಎಂದು ಬಾಗಿಲನ್ನು ಪೂರ್ತಿ ಎಳೆದುಕೊಂಡು ರಿವೆಟ್ ಹೊಡೆದೆ. ಮುಗಿಸಿ ಬಾಗಿಲು ತೆಗೆಯಲು ಹೋದರೆ ಅದು ಅಲ್ಲಾಡಲೇ ಇಲ್ಲ. ತೇಪೆಯ ಜೊತೆಗೆ ಬಾಗಿಲು ಜಾರುವ ಹಳಿಯನ್ನೂ ಸೇರಿಸಿ ಹೊಡೆದುಬಿಟ್ಟಿದ್ದೆ. ಕಿಟಕಿಗಳಿಗೂ ಹಿಂದಿನ ಬಾಗಿಲಿಗೂ ಹೋದ ವಾರವೇ ತಗಡು ಕೂತಿತ್ತು. ಡ್ರೈವರ್ ಸೀಟಿನ ಹಿಂದೆಯೂ ಗೋಡೆ ಎದ್ದಿತ್ತು. ಫೋನು ಹೊರಗೆ ಬೆಂಚಿನ ಮೇಲೆ ಹಾಡುತ್ತಿತ್ತು.

ಸುತ್ತಿಗೆಯೇನೋ ಕೈಯಲ್ಲೇ ಇತ್ತು. ಆದರೆ ಈಗಷ್ಟೇ ಕೂರಿಸಿದ ತಗಡನ್ನು ಒಡೆಯಲು ಕೈ ಬರಲಿಲ್ಲ, ಅಷ್ಟು ಚೆನ್ನಾಗಿ ಕೂತಿತ್ತು. ಅದಕ್ಕೇ ಜೋರಾಗಿ ಬಡಿದೆ. ಯಾರೂ ಬರಲಿಲ್ಲ. ಇನ್ನೂ ಜೋರಾಗಿ ಬಡಿದೆ. ಹೊರಗೆ ಅಕ್ಕ ಯಾರಿಗೋ ಹೇಳುತ್ತಿದ್ದದ್ದು ಲಾರಿಗಳ ಸದ್ದಿನ ನಡುವೆ ಕೇಳಿಸಿತು. "ನಮ್ಮಣ್ಣಂಗೆ ಇವತ್ತು ಭಾರೀ ಕೆಲ್ಸ!"

ತಗಡು ಬಡಿಯುವವನ ಶೆಡ್ಡಿನಿಂದ ತಗಡಿನ ಸದ್ದು ಬಂದರೆ ಯಾರು ಓಡಿ ಬರುತ್ತಾರೆ? ಬಡಿದು ಬಡಿದು ಸೋತು, ಬೆವರಿ, ಮಂಚದ ಮೇಲೆ ಕುಕ್ಕರಿಸಿದೆ. ಆ ಕತ್ತಲಲ್ಲಿ ಒಂದು ವಿಷಯ ಹೊಳೆಯಿತು. ಸಂಜೆ ನಾನು ಮನೆಗೆ ಹೋಗದಿದ್ದರೆ, ಹೋಗಲಿಲ್ಲವೆಂದು ಗೊತ್ತಾಗಲು ಮನೆಯಲ್ಲಿ ಯಾರೂ ಇಲ್ಲ.

ಸ್ವಲ್ಪ ಹೊತ್ತಿಗೇ ಹೊರಗೆ ಚಪ್ಪಲಿ ಸದ್ದು. "ಅಣ್ಣಾ, ಯಾಕೆ ಸದ್ದೇ ಇಲ್ಲ?"

"ಅಕ್ಕಾ, ಒಳಗೆ ಸಿಕ್ಕಾಕ್ಕೊಂಬುಟ್ಟಿದೀನಿ!"

ಅಂಗಡಿಯಲ್ಲಿ ಟೀ ಕುಡಿಯುತ್ತಿದ್ದವರು ಸಬ್ಬಲ್ ಹಾಕಿ ಬಾಗಿಲು ಮೀಟಿದರು. ಅಕ್ಕನ ಮುಖ ಬಿಳಿಚಿಕೊಂಡಿತ್ತು. "ನೀನು ಬಡೀತಿದ್ರೆ ಅಣ್ಣ ಅವ್ನೆ ಅಂತ ನಂಗೆ ಧೈರ್ಯ. ಸದ್ದು ನಿಂತೋಯ್ತಲ್ಲ, ಎದೆ ಧಸಕ್ ಅಂತು," ಅಂದಳು. ಅಷ್ಟರಲ್ಲಿ ಅವಳಿಗೆ ಸಿಟ್ಟೂ ಬಂತು.

"ಒಳಗೆ ಸಿಕ್ಕಾಕ್ಕೊಂಡಿದ್ರೆ ಬಡೀಬಾರ್ದೇನಣ್ಣ?"

೨. ಮಧುಗಿರಿ ದಾರಿಯ ಹಾರ

ಇಷ್ಟಾದರೂ ನಾನು ಕಿಟಕಿ ಇಡಲಿಲ್ಲ. ಹಟವೆಂದರೆ ಹಟ. ಬಾಗಿಲು ಸರಿಮಾಡಿ, ತೇಪೆಗಳ ಮೇಲೆ ಪುಟ್ಟಿ ಬಳಿದು ಉಜ್ಜಿ, ಇಡೀ ಗಾಡಿಗೆ ಬಿಳಿ ಬಣ್ಣ ಹೊಡೆದು, ಇಂಜಿನ್ ಹೇಗಿದೆ ನೋಡೋಣವೆಂದು ಮಧುಗಿರಿ ಕಡೆ ಹೊರಟೆ.

ದಾರಿಯಲ್ಲಿ ಜನ ತೋರಿಸಿದ ಮರ್ಯಾದೆ ನೋಡಿ ನನಗೇ ಆಶ್ಚರ್ಯ. ಹಾರ್ನ್ ಹೊಡೆಯದೆಯೇ ಟ್ರ್ಯಾಕ್ಟರಿನವನು ಪಕ್ಕಕ್ಕೆ ಸರಿದ. ಗದ್ದಲ ಮಾಡುತ್ತಿದ್ದ ಬೈಕಿನವರು ಸುಮ್ಮನಾದರು. ಬಸ್ಸಿಗೆ ಕಾಯುತ್ತಿದ್ದ ಹೆಂಗಸರು ಸೆರಗು ಹೊದ್ದು ಕೈಮುಗಿದರು. ಬಣ್ಣ ಹೊಡೆದದ್ದು ಚೆನ್ನಾಗಿ ಬಂದಿದೆ ಅಂದುಕೊಂಡು ನಾನೂ ಒಳಗಿಂದಲೇ ಕೈಮುಗಿಯುತ್ತಾ ಹೋದೆ.

ಬೆಟ್ಟ ಎದುರಿಗೆ ಕಾಣುವ ಒಂದು ಕಡೆ ಇಂಜಿನ್ ಕಾಯಿತೆಂದು ನಿಲ್ಲಿಸಿದೆ. ಹೂವಿನ ಅಂಗಡಿಯ ಯಜಮಾನ ಚಪ್ಪಲಿ ಬಿಟ್ಟು ಬಂದು, ಗಾಡಿಯ ಮುಂಭಾಗಕ್ಕೆ ಒಂದು ಚೆಂಡುಹೂವಿನ ಹಾರ ಹಾಕಿದ. ಹೊಸ ಗಾಡಿಗೆ ಪೂಜೆ ಮಾಡುತ್ತಿದ್ದಾನೆ, ಎಂಥಾ ಒಳ್ಳೆಯ ಮನುಷ್ಯ ಅನ್ನಿಸಿತು.

"ಎಲ್ಲಿಂದ ಬತ್ತಾ ಐತೆ ಸ್ವಾಮಿ?" ಮೆಲ್ಲಗೆ ಕೇಳಿದ.

"ಸಿರಾದಿಂದ."

"ಜೊತೇಲಿ ಮನೆಯೋರು ಯಾರೂ ಬರ್ಲಿಲ್ವಾ?"

"ಮನೆಯೋರು ಅಂತ ಯಾರೂ ಇಲ್ಲ. ಹೆಂಡ್ರು ಹೋದ್ಮೇಲೆ ಒಂಟಿ."

"ಅಯ್ಯೋ ಪಾಪ." ಅವನು ಬಿಳಿ ತಗಡನ್ನು ಒಮ್ಮೆ ಸವರಿದ. "ಒಳಗಿರೋರಿಗೆ ವಯಸ್ಸಾಗಿತ್ತಾ?"

"ಅರವತ್ತು ದಾಟೈತೆ. ಆದ್ರೂ ಗಟ್ಟಿ."

"ಯಾರು ಸ್ವಾಮಿ ಅವ್ರು?"

"ಇನ್ಯಾರಪ್ಪ ಇರ್ತಾರೆ? ನಾನೇ."

ಅವನು ನನ್ನನ್ನು ಮೇಲಿಂದ ಕೆಳಗಿನವರೆಗೆ ನೋಡಿದ. ಕೈಮುಗಿದುಕೊಂಡೇ ಹಿಂದೆ ಹಿಂದೆ ನಡೆದ. ಅಂಗಡಿಯ ಪರದೆ ಎಳೆದುಕೊಂಡ. ಅವನ ಚಪ್ಪಲಿ ನನ್ನ ಗಾಡಿಯ ಪಕ್ಕದಲ್ಲೇ ಉಳಿಯಿತು, ನಾನು ಎಷ್ಟು ಕೂಗಿದರೂ ಅದಕ್ಕಾಗಿ ಹೊರಗೆ ಬರಲಿಲ್ಲ.

೩. ಲೋಟ ಇಡುವ ಜಾಗ

ಹಾರ ಹಾಕಿಸಿಕೊಂಡು ವಾಪಸ್ಸು ಬಂದವನನ್ನು ನೋಡಿ ಅಕ್ಕ ಸೊಂಟ ಹಿಡಿದುಕೊಂಡು ನಕ್ಕಳು. ನಾನೂ ನಕ್ಕೆ. ಮನೆಗೆ ಹೋದ ಮೇಲೆ ನಗು ಬರಲಿಲ್ಲ. ಬದುಕಿರುವಾಗಲೇ ಹಾರ ಬಿದ್ದದ್ದಕ್ಕೆ ನನ್ನವಳಿದ್ದರೆ ದೃಷ್ಟಿ ತೆಗೆದು, ಬೈದು, ಆಮೇಲೆ ಓಣಿಗೆಲ್ಲ ಹೇಳಿಕೊಂಡು ಬರುತ್ತಿದ್ದಳು. ಹೇಳಿಕೊಳ್ಳಲು ಒಬ್ಬರಿಲ್ಲದಿದ್ದರೆ ನಗೆಯ ವಿಷಯ ಕೂಡ ಭಾರವಾಗುತ್ತದೆ.

ಒಂದು ಕಿಟಕಿ ಇಡುವುದೆಂದು ಒಪ್ಪಿಕೊಂಡೆ. ಗಾಜಿನ ಕೆಲಸಕ್ಕೆ ನಮ್ಮಲ್ಲಿ ಸಾಬರೊಬ್ಬರಿದ್ದಾರೆ, ನನ್ನ ಹಳೆಯ ಸ್ನೇಹಿತರು. ಅವರು ಅಳತೆ ಹಿಡಿದು, ಎಡಗಡೆ, ಮಂಚದಲ್ಲಿ ಕೂತರೆ ಹೊರಗೆ ಕಾಣುವಂತೆ ಗುರುತು ಹಾಕಿದರು. ನಾನು ತಗಡು ಕತ್ತರಿಸಿದೆ, ಅವರು ಸುತ್ತ ರಬ್ಬರ್ ಕೂರಿಸಿ ಜಾರುವ ಗಾಜು ಹಾಕಿದರು. ನೋಡಲು ಚೆಂದವಿತ್ತು.

ಎಡಗಡೆಯೆಂದರೆ ಟೀ ಅಂಗಡಿಯ ಕಡೆ. ಅವತ್ತು ರಾತ್ರಿ ಗಾಡಿಯಲ್ಲೇ ಮಲಗಿ ನೋಡಿದೆ. ಮಾರನೆಯ ಬೆಳಿಗ್ಗೆ ಇನ್ನೂ ಮಲಗಿದ್ದೇನೆ, ಕಿಟಕಿಯ ದಂಡೆಯ ಮೇಲೆ ಯಾರೋ ಟೀ ಲೋಟ ಇಟ್ಟರು. ಆಮೇಲೆ ಮೊಣಕೈ ಬಂತು. ಆಮೇಲೆ ಮುಖ ಬಂತು.

"ಎದ್ದಿದೀರಾ? ಊಟ ಆಯ್ತಾ?"

"ಈಗಿನ್ನೂ ಬೆಳಗಾಗೈತಲ್ಲಪ್ಪ."

"ರಾತ್ರೀದು ಕೇಳ್ದೆ."

ಆ ಹೊತ್ತಿಗೆ ಇನ್ನೆರಡು ಲೋಟ ಸೇರಿಕೊಂಡವು. ಕಿಟಕಿಯ ಎತ್ತರ ನಿಂತು ಟೀ ಕುಡಿಯುವವರಿಗೆ ಅಳೆದು ಮಾಡಿದ ಹಾಗಿತ್ತು. ಮಳೆ ಬಂತೇ, ಮದಲೂರು ಕೆರೆಗೆ ನೀರು ಬಂತೇ ಎಂಬ ಮಾತೆಲ್ಲ ನನ್ನ ಮುಖದ ಮೇಲೇ ನಡೆಯಿತು. ಮಾತಿನ ನಡುವೆ ಒಬ್ಬನ ತಲೆ ಒಂದು ಕಡೆ ವಾಲಿತು, ದನಿ ಇಳಿಯಿತು. "ಪಾಪ, ಮನೆಯಾಕೆ ಇದ್ದಿದ್ರೆ..."

ಗಾಜು ಎಳೆದೆ. ಅವತ್ತೇ ಸಾಬರನ್ನು ಕರೆಸಿ, ಕಿಟಕಿ ಕಿತ್ತು ಬೇರೆ ಕಡೆ ಇಡಬೇಕೆಂದೆ.

"ಕ್ಯಾ ಉಸ್ತಾದ್," ಅಂದರು ಸಾಬರು, "ಕಿಟಕಿ ಏನು ಕುರ್ಚಿಯಾ, ಇಲ್ಲಿಂದ ಎತ್ತಿ ಅಲ್ಲಿ ಹಾಕೋದಕ್ಕೆ?"

ನಾನು ಕೇಳಲಿಲ್ಲ. ತೂತಿಗೆ ತಗಡು ಹೊಡೆದು ಮುಚ್ಚಿದೆ. ಸಂಜೆ ಅಕ್ಕ ಬಂದು ದೂರು ಹೇಳಿದಳು. "ಅಣ್ಣಾ, ಗಿರಾಕಿಗಳು ಬೇಜಾರು ಮಾಡ್ಕೊಂಡವ್ರೆ. ಗಾಜು ಬ್ಯಾಡಾದ್ರೆ ಬ್ಯಾಡ, ಆ ದಂಡೆ ಒಂದು ಬುಡಬಾರ್ದಿತ್ತಾ?"

೪. ಅಯ್ಯನೋರ ದಿಕ್ಕು

ಕೊರಟಗೆರೆ ಕಡೆಯ ಒಬ್ಬ ಅಯ್ಯನೋರು ನಮ್ಮ ಶೆಡ್ಡಿನ ಕಾಯಂ ಗಿರಾಕಿ. ಪೂಜೆ, ಗೃಹಪ್ರವೇಶ ಎಂದು ಸುತ್ತುತ್ತಾರೆ. ಅವರ ಕಾರು ಯಾವಾಗಲೂ ಹಿಂದೆಯೇ ನೆಗ್ಗಿರುತ್ತದೆ, ಮುಂದೆ ಒಂದು ಗೀರೂ ಇರುವುದಿಲ್ಲ. ಅದು ಹೇಗೆಂದು ಬಹಳ ದಿನ ನನಗೆ ಅರ್ಥವಾಗಿರಲಿಲ್ಲ.

ಅವರು ವ್ಯಾನಿನ ಒಳಗೆ ಬಂದು, ವಿಭೂತಿ ಹಚ್ಚಿದ ಹಣೆ ಸುಕ್ಕು ಮಾಡಿಕೊಂಡು ನಾಲ್ಕೂ ಮೂಲೆ ನೋಡಿದರು. "ಮಲಗೋ ಮನೆ ಅಂದ್ಮೇಲೆ ಕಿಟಕಿ ಪೂರ್ವಕ್ಕೇ ಇರ್ಬೇಕು. ನೀವು ಪಶ್ಚಿಮಕ್ಕಿಟ್ಟಿದ್ರಿ, ಅದಕ್ಕೇ ಮನಸ್ಸಿಗೆ ನೆಮ್ಮದಿ ಇಲ್ಲ."

ಆವತ್ತು ಗಾಡಿ ಉತ್ತರಕ್ಕೆ ಮುಖ ಮಾಡಿ ನಿಂತಿತ್ತು. ಎಡಗಡೆಯೆಂದರೆ ಪಶ್ಚಿಮ, ಅವರು ಹೇಳಿದ್ದು ನಿಜ.

"ಅಯ್ಯನೋರೇ, ಇದು ಗಾಡಿ. ತಿರುಗುತ್ತೆ."

ಅಯ್ಯನೋರು ಕಣ್ಣು ಮುಚ್ಚಿ ಯೋಚಿಸಿದರು. "ಬಲಗಡೆ ಕಿಟಕಿ ಇಡಿ. ಉತ್ತರಕ್ಕೇ ಹೋಗಿ. ಆಗ ಪೂರ್ವ ತಪ್ಪಲ್ಲ."

"ಹೋಗೋದೇನೋ ಸರಿ. ವಾಪಸ್ ಬರೋದು?"

"ರಿವರ್ಸಲ್ಲಿ ಬನ್ನಿ," ಅಂದರು.

ಅವರ ಕಾರು ಯಾಕೆ ಹಿಂದೆಯೇ ನೆಗ್ಗುತ್ತದೆಂದು ಆಗ ಗೊತ್ತಾಯಿತು.

೫. ಹೊಸಕೋಟೆಯ ಸ್ಟ್ಯಾಂಡಿನಲ್ಲಿ

ಬಲಗಡೆ ಕಿಟಕಿ ಇಟ್ಟು ನೋಡಿದೆ. ಓವರ್‌ಟೇಕ್ ಮಾಡುವ ಲಾರಿಗಳ ಹೊಗೆಯೆಲ್ಲ ಮಂಚಕ್ಕೇ ಬಂತು. ಅದಕ್ಕೂ ತೇಪೆ ಬಿತ್ತು. ಕಡೆಗೆ ಮತ್ತೆ ಎಡಗಡೆಗೇ ಬಂದು, ಈ ಸಲ ಮೇಲೆ, ಎಂಥ ಎತ್ತರದವನು ನಿಂತರೂ ಒಳಗೆ ಇಣುಕಲಾಗದಷ್ಟು ಮೇಲೆ ಇಟ್ಟೆ. ಸಾಬರು ಏಣಿ ಹತ್ತಿ ಗಾಜು ಕೂರಿಸಿದರು, ನನ್ನನ್ನು ಒಂದು ಮಾತೂ ಕೇಳಲಿಲ್ಲ. ಅವರು ಕೇಳದಿದ್ದದ್ದೇ ನನಗೆ ಕಷ್ಟವಾಯಿತು.

ಮನೆಗೆ ಬೀಗ ಹಾಕಿ, ಕೀಲಿಯನ್ನು ಅಕ್ಕನ ಕೈಗೆ ಕೊಟ್ಟೆ.

"ಯಾವತ್ತು ಬತ್ತೀಯಣ್ಣ?"

"ನೋಡಣ," ಅಂದೆ. ಬರುವ ಮನಸ್ಸಿರಲಿಲ್ಲ. ಅದು ಅವಳಿಗೂ ಗೊತ್ತಾಯಿತು. ಊಟ ಆಯ್ತಾ ಅಂತ ಅವತ್ತು ಅವಳು ಕೇಳಲಿಲ್ಲ, ಬುತ್ತಿ ಕಟ್ಟಿ ಸೀಟಿನ ಮೇಲಿಟ್ಟಳು.

ಅಯ್ಯನೋರು ಹೇಳಿದ ಹಾಗೆ ಉತ್ತರಕ್ಕೇ ಹೋದೆ. ಪಾವಗಡ ದಾಟಿ ವೈ.ಎನ್.ಹೊಸಕೋಟೆಗೆ ಬರುವ ಹೊತ್ತಿಗೆ ಬಿಸಿಲು ಚುರುಗುಟ್ಟುತ್ತಿತ್ತು. ಒಳಗೆ ಗಾಳಿಯಾಡಲಿ ಎಂದು ಮೇಲಿನ ಕಿಟಕಿ ತೆರೆದಿಟ್ಟು, ಬಸ್ಸು ನಿಲ್ಲುವಲ್ಲಿ ನೆರಳು ಕಂಡದ್ದರಿಂದ ಅಲ್ಲೇ ಗಾಡಿ ನಿಲ್ಲಿಸಿ, ಟೀ ಕುಡಿಯಲು ಹೋದೆ.

ನಮ್ಮ ಕಡೆ ಬಸ್ಸಿನಲ್ಲಿ ಸೀಟು ಹಿಡಿಯುವ ಕ್ರಮ ಎಲ್ಲರಿಗೂ ಗೊತ್ತು. ಬಾಗಿಲಲ್ಲಿ ನೂಕಾಡುವುದು ದಡ್ಡರ ಕೆಲಸ. ಕಿಟಕಿಯಿಂದ ಟವೆಲ್ಲು ಎಸೆಯಬೇಕು, ಅದು ಎಲ್ಲಿ ಬಿತ್ತೋ ಆ ಜಾಗ ನಿಮ್ಮದು. ಸಿರಾ ಬಸ್‌ಸ್ಟ್ಯಾಂಡಿನಲ್ಲಿ ಇದರಲ್ಲಿ ನನ್ನ ಹೆಂಡತಿಯನ್ನು ಮೀರಿಸಿದವರಿಲ್ಲ. ಬಸ್ಸು ಇನ್ನೂ ತಿರುಗುತ್ತಿರುವಾಗಲೇ ನನ್ನ ಹೆಗಲ ಮೇಲಿನ ಟವೆಲ್ಲು ಕಿತ್ತು ಬೀಸುತ್ತಿದ್ದಳು, ಅದು ಹೋಗಿ ಕಿಟಕಿ ಪಕ್ಕದ ಸೀಟಿನ ಮೇಲೇ ಬೀಳುತ್ತಿತ್ತು. ಯಾರಾದರೂ ಅಲ್ಲಿ ಕೂರಲು ಬಂದರೆ ಹೊರಗಿಂದಲೇ ಕೂಗುತ್ತಿದ್ದಳು. "ಅಲ್ಲಿ ಜನ ಅವ್ರೆ!" ಅವಳು ಹೋದ ಮೇಲೆ ಬಸ್ಸಿನಲ್ಲಿ ನನಗೆ ಸೀಟು ಸಿಕ್ಕಿದ್ದೇ ಇಲ್ಲ.

ಟೀ ಕುಡಿದು ಬಂದು ಜಾರುಬಾಗಿಲು ತೆಗೆದೆ. ನನ್ನ ಮಂಚದ ಮೇಲೆ ಮೂರು ಟವೆಲ್ಲು, ಒಂದು ಬ್ಯಾಗು, ಒಂದು ಕೊಡೆ. ಒಲೆಯ ಮೇಲೆ ಒಂದು ಕರವಸ್ತ್ರ. ಬಾಗಿಲು ತೆಗೆದದ್ದೇ ತಡ, ಜನ ನನ್ನನ್ನು ಪಕ್ಕಕ್ಕೆ ಸರಿಸಿ ಹತ್ತಿ, ತಮ್ಮ ತಮ್ಮ ಟವೆಲ್ಲಿನ ಮೇಲೆ ಕೂತರು. ಕರವಸ್ತ್ರದ ಯಜಮಾನ ಒಲೆಯನ್ನು ಒಮ್ಮೆ ನೋಡಿ, ಮುಟ್ಟಿ ಬಿಸಿಯಿಲ್ಲವೆಂದು ಖಾತ್ರಿ ಮಾಡಿಕೊಂಡು ಕೂತ. ಕೊನೆಗೆ ಒಬ್ಬ ಅಜ್ಜಿ, ಕಂಕುಳಲ್ಲಿ ಗಂಟು, ಬಾಯಲ್ಲಿ ಆ ಗಡಿಯ ಕಡೆಯ ತೆಲುಗು ಬೆರೆತ ಕನ್ನಡ.

"ಏಮಪ್ಪಾ, ಪಾವಗಡಕ್ಕೆ ಎಪ್ಪುಡು ಬಿಡ್ತೀಯಾ?"

"ಅಜ್ಜೀ, ಇದು ಬಸ್ಸಲ್ಲ. ನನ್ನ ಮನೆ."

"ಮನೆಯಾ?" ಅಜ್ಜಿ ಸುತ್ತ ನೋಡಿದಳು. "ಮಂಚಿದಾಯ್ತು, ಒಳ್ಳೇದೇ ಆಯ್ತು ಬಿಡು, ಹಂಗಾದ್ರೆ ನಿಂತ್ಕೊಂಡು ಹೋಗೋದು ತಪ್ಪಿತು." ನನ್ನ ದಿಂಬನ್ನು ನೆಲಕ್ಕೆ ಹಾಕಿ ಅದರ ಮೇಲೆ ಕೂತಳು.

ಇಳಿಯಿರಿ ಅನ್ನಲು ಬಾಯಿ ತೆರೆದೆ. ಆ ವ್ಯಾನಿನೊಳಗೆ ಅಷ್ಟು ದನಿ ಯಾವತ್ತೂ ಕೇಳಿರಲಿಲ್ಲ. ಬಾಯಿ ಮುಚ್ಚಿಕೊಂಡು ಬಂದ ದಾರಿಯಲ್ಲೇ ಗಾಡಿ ತಿರುಗಿಸಿದೆ, ಅದೂ ರಿವರ್ಸಿನಲ್ಲಲ್ಲ. ನನ್ನ ಹಿಂದೆ ಕಟ್ಟಿದ್ದ ತಗಡಿನ ಗೋಡೆಯನ್ನು ಅಜ್ಜಿ ದಾರಿಯುದ್ದಕ್ಕೂ ಬಡಿಯುತ್ತಿದ್ದಳು. ಒಂದು ಸಲ ಟಿಕೆಟ್ ಯಾಕೆ ಕೊಡಲಿಲ್ಲವೆಂದು. ಟಿಕೆಟ್ ಇಲ್ಲ ಅಂದರೆ, "ಚೆಕಿಂಗ್‌ನೋರು ಬಂದ್ರೆ ನಾನೇನು ಹೇಳ್ಲಿ?" ಎಂದು ಜಗಳ. ಇನ್ನೊಂದು ಸಲ ನಿಧಾನ ಹೋಗೆಂದು. ಮೂರನೆಯ ಸಲ ನಿಲ್ಲಿಸಿ ಹಿಂದೆ ಹೋದೆ.

"ಇನ್ನೇನಜ್ಜಿ?"

ಬೇಯಿಸಿದ ಕಡಲೆಕಾಯಿ ಒಂದು ಬೊಗಸೆ ನನ್ನ ಕೈಗೆ ಸುರಿದಳು. "ಊಟ ಆಯ್ತಾ ನಾಯನಾ?"

ತಲೆ ವಾಲಿರಲಿಲ್ಲ. ದನಿ ಇಳಿದಿರಲಿಲ್ಲ. ಹಸಿದಿರಬಹುದೆಂದು ಕೇಳಿದಳು, ಅಷ್ಟೇ. ನಾನು ಆಗಿಲ್ಲ ಅಂದೆ. ಅವಳು ಗಂಟು ಬಿಚ್ಚಿ ಇನ್ನೊಂದು ಬೊಗಸೆ ಕೊಟ್ಟಳು.

ಪಾವಗಡದಲ್ಲಿ ಇಳಿದ ಅಜ್ಜಿ ಸುಮ್ಮನೆ ಹೋಗಲಿಲ್ಲ. ಕಿಟಕಿಯ ಕೆಳಗೆ ನಿಂತು, ಕೈ ಎತ್ತಿ ತೋರಿಸಿದಳು. "ಎವರಪ್ಪಾ ಇಷ್ಟು ಮೇಲೆ ಕಿಟಕಿ ಇಟ್ಟ ದಡ್ಡ? ನನ್ನ ಟವಲ್ಲು ಎಟಕ್ಲೇ ಇಲ್ಲ. ಒಂದಡಿ ಕೆಳಕ್ಕಿಡು."

೬. ಜನ ಅವ್ರೆ

ಬೆಳಿಗ್ಗೆ ಹೋದವನು ಸಂಜೆಗೆ ಸಿರಾದಲ್ಲಿದ್ದೆ. ಅಕ್ಕ ಕೀಲಿಯನ್ನು ಸೆರಗಿನಿಂದ ಬಿಚ್ಚುತ್ತಾ, "ಏನಣ್ಣ, ದೇಶ ಇಷ್ಟೇನಾ ಇದ್ದಿದ್ದು?" ಅಂದಳು. ಕಣ್ಣು ಒರೆಸಿಕೊಂಡದ್ದು ಒಲೆಯ ಹೊಗೆಗೆ ಅಂತ ಅವಳು ಹೇಳಿದಳು. ಒಲೆ ಆರಿತ್ತು.

"ಕಿಟಕಿ ಇಳಿಸ್ಬೇಕಕ್ಕ, ಅದಕ್ಕೆ ಬಂದ್ಬುಟ್ಟೆ," ಅಂದೆ.

ಬೆಳಿಗ್ಗೆ ಸಾಬರು ಬಂದರು. ನಿಟ್ಟುಸಿರು ಬಿಟ್ಟು ಟೇಪು ಎಳೆದರು. "ಈಗ ಎಷ್ಟು ಎತ್ತರ ಉಸ್ತಾದ್?"

"ಒಬ್ಬ ಅಜ್ಜಿ ಟವೆಲ್ಲು ಎಸೆಯೋವಷ್ಟು."

ಸಾಬರು ಟೇಪು ಮಡಚಿ ಜೇಬಿಗಿಟ್ಟರು. "ಅದಕ್ಕೆ ಟೇಪು ಬೇಡ, ಅಜ್ಜಿ ಬೇಕು." ಅಜ್ಜಿ ಇರಲಿಲ್ಲ, ಅಕ್ಕನನ್ನು ನಿಲ್ಲಿಸಿ ಗುರುತು ಹಾಕಿದೆವು. ಮೇಲಿನ ತೂತು ಮುಚ್ಚಿ, ಕೆಳಗೆ ಹೊಸದು ಕೊರೆದದ್ದಾಯಿತು. ಈಗ ನನ್ನ ಗಾಡಿಯ ಎಡಬಲಗಳಲ್ಲಿ ಎಷ್ಟು ತೇಪೆಗಳಿವೆಯೆಂದರೆ ತಗಡು ಯಾವುದು, ತೇಪೆ ಯಾವುದು ಹೇಳಲಾಗುವುದಿಲ್ಲ. ಟೀ ಲೋಟ ಇಡಲು ದಂಡೆಯನ್ನೂ ಅಗಲವಾಗಿ ಬಿಟ್ಟೆ.

ಗಾಜು ಕೂರಿಸಿ, ಕೈ ತೊಳೆದು, ಎಲ್ಲರೂ ಟೀಗೆ ಹೋದೆವು. ಬರುವ ಭಾನುವಾರ ಮತ್ತೆ ಹೊಸಕೋಟೆ ಕಡೆ ಹೋಗುತ್ತೇನೆಂದು ಮಾತಿಗೆ ಹೇಳಿದೆ. ಟೀ ಮುಗಿಸಿ ಬಂದು ಒಳಗೆ ನೋಡುತ್ತೇನೆ, ಮಂಚದ ಮೇಲೆ ಸಾಬರ ಕೈ ಒರೆಸುವ ಬಟ್ಟೆ ಬಿದ್ದಿದೆ. ಅದರ ಪಕ್ಕ ಅಯ್ಯನೋರ ಶಲ್ಯ. ಅವರು ಕಾರನ್ನು ರಿಪೇರಿಗೆ ಬಿಡಲು ಬಂದಿದ್ದರು, ಈ ಸಲವೂ ಹಿಂಭಾಗವೇ. ನಾನು ನಿಂತು ನೋಡುತ್ತಿರುವಾಗಲೇ ಕಿಟಕಿಯಿಂದ ಇನ್ನೊಂದು ಬಟ್ಟೆ ಹಾರಿ ಬಂತು, ಅಕ್ಕನ ಟೀ ಸೋಸುವ ಬಟ್ಟೆ, ಇನ್ನೂ ಒದ್ದೆ. ಅದು ಕಿಟಕಿಯ ಪಕ್ಕದ ಜಾಗಕ್ಕೇ ಬಿತ್ತು.

ನನ್ನ ಹೆಗಲ ಮೇಲೆ ಟವೆಲ್ಲಿತ್ತು. ಯಾಕೋ ಗೊತ್ತಿಲ್ಲ, ಅದನ್ನು ತೆಗೆದು, ಅಕ್ಕನ ಬಟ್ಟೆಯನ್ನು ಈಚೆಗೆ ಸರಿಸಿ, ಕಿಟಕಿಯ ಪಕ್ಕದಲ್ಲಿ ಹಾಸಿದೆ.

ಅಕ್ಕ ಕಿಟಕಿಯಿಂದ ತಲೆ ತೂರಿಸಿದಳು. "ಇದ್ಯಾಕಣ್ಣ? ಅದು ನನ್ನ ಸೀಟು. ನೀನು ಹೆಂಗೂ ಡ್ರೈವರ್ ಸೀಟಲ್ಲಿ ಕುಂತ್ಕತೀಯ."

"ಬುಡಕ್ಕ," ಅಂದೆ. "ಅಲ್ಲಿ ಜನ ಅವ್ರೆ."

ಅಕ್ಕ ಟವೆಲ್ಲನ್ನು ನೋಡಿದಳು, ನನ್ನನ್ನು ನೋಡಿದಳು. ಆಮೇಲೆ ಕೈ ಒಳಗೆ ಚಾಚಿ, ತನ್ನ ಒದ್ದೆ ಬಟ್ಟೆಯನ್ನು ಮತ್ತೆ ಟವೆಲ್ಲಿನ ಪಕ್ಕಕ್ಕೇ ಎಳೆದಿಟ್ಟಳು.

"ಅಂಗಾದ್ರೆ ಅತ್ಗೆಗೆ ಸೊಲ್ಪ ಸರ್ಕೊಳಕ್ಕೆ ಹೇಳಣ್ಣ. ನಾನೂ ಕುಂತ್ಕತೀನಿ."